ಲಿಲ್ಲೆಹಾಮರ್‌ನಲ್ಲಿ ಎರಡು ರಾತ್ರಿ: ಕಾರಿಲ್ಲದೆ, ಮಂಡಿನೋವಿನವರನ್ನು ಕರೆದುಕೊಂಡು ಹೇಗೆ?

ಬೆಳಗಿನಬಸ್ಸು

ಜುಲೈ ಮೂರನೇ ವಾರ ನಾರ್ವೆಯ ಲಿಲ್ಲೆಹಾಮರ್‌ಗೆ ಹೋಗುತ್ತಿದ್ದೇವೆ. ಒಟ್ಟು ಐದು ಜನ: ನಾವಿಬ್ಬರು, 9 ವರ್ಷದ ಮಗಳು, ಅಪ್ಪ (70), ಅಮ್ಮ (64). ಶುಕ್ರವಾರ ಮಧ್ಯಾಹ್ನ ಓಸ್ಲೋ ವಿಮಾನ ನಿಲ್ದಾಣದಲ್ಲಿ ಇಳಿದು ಸೀದಾ ಅಲ್ಲಿಗೆ, ಎರಡು ರಾತ್ರಿ ಇದ್ದು, ಭಾನುವಾರ ಸಂಜೆ ಓಸ್ಲೋ ಸೇರಬೇಕು. ಕಾರು ಓಡಿಸುವ ಯೋಚನೆ ಇಲ್ಲ. ಅಮ್ಮ ಸಮತಟ್ಟಾದ ಕಡೆ ಒಂದೆರಡು ಕಿಲೋಮೀಟರ್ ಆರಾಮಾಗಿ ನಡೆಯುತ್ತಾರೆ. ಏರು, ಮೆಟ್ಟಿಲು ಆಗುವುದಿಲ್ಲ. ನಾವೆಲ್ಲ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ.

ಸರೋವರದ ಪಕ್ಕದ ಪುಟ್ಟ ಊರು ಅಂತ ಆರಿಸಿಕೊಂಡಿದ್ದು. ಮೈಹೌಗೆನ್ ಮ್ಯೂಸಿಯಂ, ಒಲಿಂಪಿಕ್ಸ್‌ನ ಸ್ಕೀ ಜಂಪ್, ಶೀಬ್ಲಾಡ್ನರ್ ಹಡಗು, ಹುಂಡರ್‌ಫೋಸೆನ್ ಪಾರ್ಕ್, ನೀರಿನ ಪಕ್ಕ ಒಂದು ಸಂಜೆ ಇಷ್ಟು ಪಟ್ಟಿಯಲ್ಲಿದೆ. ನಕ್ಷೆಯಲ್ಲಿ ಎಲ್ಲ ಹತ್ತಿರ ಹತ್ತಿರ ಕಾಣುತ್ತೆ. ಎರಡು ದಿನಕ್ಕೆ ಇದು ಆಗುತ್ತಾ? ರೈಲಿನ ಟಿಕೆಟ್ ಈಗಲೇ ತೆಗೆಯಬೇಕಾ? ಊಟಕ್ಕೆ ಏನು ಮಾಡೋದು?

ಏರುದಾರಿ

ಆಗಲ್ಲ. ಯಾಕೆ ಅನ್ನುವುದು ಊರಿನ ಇಳಿಜಾರು ನೋಡಿದರೆ ಗೊತ್ತಾಗುತ್ತದೆ, ನಕ್ಷೆ ನೋಡಿದರೆ ಗೊತ್ತಾಗುವುದಿಲ್ಲ.

ಲಿಲ್ಲೆಹಾಮರ್ ಇರುವುದು ಮ್ಯೋಸಾ ಸರೋವರದ ಉತ್ತರ ತುದಿಯಲ್ಲಿ, ಲೋಗೆನ್ ನದಿ ಬಂದು ಸೇರುವ ಜಾಗದಲ್ಲಿ. ಊರು ಕೂತಿರುವುದು ಗುಡ್ಡದ ಮಗ್ಗುಲಲ್ಲಿ. ಕೆಳಗೆ ನೀರು, ನೀರಿನ ಪಕ್ಕದಲ್ಲೇ ಇ6 ಹೆದ್ದಾರಿ, ಅದರ ಮೇಲೆ ರೈಲು ಹಳಿ, ಅದರ ಮೇಲೆ ಪೇಟೆ, ಪೇಟೆಗಿಂತ ಮೇಲೆ ಮೈಹೌಗೆನ್, ಇನ್ನೂ ಮೇಲೆ ಸ್ಕೀ ಜಂಪ್. ಹೋಟೆಲ್ ಬಾಗಿಲು ತೆರೆದರೆ ನೀರು ಅನ್ನುವ ನಿರೀಕ್ಷೆ ಬೇಡ. ನೋಟ ಎಲ್ಲ ಕಡೆಯಿಂದ ಸಿಗುತ್ತದೆ, ದಂಡೆ ಮಾತ್ರ ಹುಡುಕಿಕೊಂಡು ಹೋಗಬೇಕು.

ನೆನಪಿಡಬೇಕಾದ ಸೂತ್ರ ಒಂದೇ: ಸರೋವರಕ್ಕೆ ಸಮಾನಾಂತರವಾಗಿ ಹೋಗುವ ಬೀದಿಗಳು ಹೆಚ್ಚುಕಡಿಮೆ ಸಮತಟ್ಟು, ಸರೋವರದ ಕಡೆಗೆ ಇಳಿಯುವ ಬೀದಿಗಳೆಲ್ಲ ಏರು. ಮುಖ್ಯ ಬೀದಿ ಸ್ಟೂರ್‌ಗಾಟಾ ಮೊದಲನೆಯ ಬಗೆಯದು. ಹಳೆಯ ಮರದ ಮನೆಗಳ ಸಾಲು, ಅಂಗಡಿಗಳು, ಬೆಂಚುಗಳು. ಅದರ ಬಹುಭಾಗದಲ್ಲಿ ವಾಹನ ಇಲ್ಲ, ನಡುವೆ ಮೆಸ್ನಾ ಹೊಳೆ ದಾಟುತ್ತದೆ. ನಿಮ್ಮ ಅಮ್ಮ ಅಲ್ಲಿ ಎಷ್ಟು ಹೊತ್ತು ಬೇಕಾದರೂ ಅಡ್ಡಾಡಬಹುದು. ನಿಲ್ದಾಣದಿಂದ ಸ್ಟೂರ್‌ಗಾಟಾಗೆ ಯೆರ್ನ್‌ಬಾನೆಗಾಟಾ ಎಂಬ ಬೀದಿ ಹತ್ತಿ ಹೋಗಬೇಕು, ಐದಾರು ನಿಮಿಷ. ದೂರ ಏನೂ ಅಲ್ಲ, ಆದರೆ ಸೂಟ್‌ಕೇಸ್ ಎಳೆದುಕೊಂಡು ಹತ್ತುವಾಗ ಗೊತ್ತಾಗುತ್ತದೆ. ಆದ್ದರಿಂದ ವಸತಿಯನ್ನು ನಿಲ್ದಾಣಕ್ಕೂ ಸ್ಟೂರ್‌ಗಾಟಾಗೂ ನಡುವೆ ನೋಡಿ. "ನೋಟ ಚೆನ್ನಾಗಿದೆ" ಅಂತ ಮೇಲಿನ ಹೋಟೆಲ್ ಹಿಡಿದರೆ ಪ್ರತಿ ಸಲ ಹೊರಗೆ ಹೋಗಿ ಬರುವುದೂ ಒಂದು ಏರು.

ಇನ್ನು ಮೈಹೌಗೆನ್. ಇದನ್ನು ಬಿಡಬೇಡಿ, ಇದಕ್ಕೆ ಅವಸರವನ್ನೂ ಮಾಡಬೇಡಿ. ಆಂಡರ್ಸ್ ಸಾಂಡ್ವಿಗ್ ಎಂಬ ದಂತವೈದ್ಯರು 1887ರಲ್ಲಿ ಗುಡ್‌ಬ್ರಾಂಡ್ಸ್‌ಡಾಲ್ ಕಣಿವೆಯ ಹಳೆಯ ಮನೆಗಳನ್ನು ಕೊಂಡು ಜೋಡಿಸಲು ಶುರುಮಾಡಿದ್ದು. 1904ರಲ್ಲಿ ಈಗಿನ ಜಾಗಕ್ಕೆ ಬಂತು. ಈಗ ಸುಮಾರು 200 ಕಟ್ಟಡಗಳಿವೆ. ಹಳ್ಳಿಯ ಭಾಗ, ಪಟ್ಟಣದ ಭಾಗ, 20ನೇ ಶತಮಾನದ ಒಂದೊಂದು ದಶಕಕ್ಕೆ ಒಂದೊಂದರಂತೆ ಮನೆಗಳಿರುವ ಬಡಾವಣೆ ಹೀಗೆ ಮೂರು ಭಾಗ. ನಾರ್ವೆಯ ರಾಣಿ ಸೋನ್ಯಾ ಬಾಲ್ಯದಲ್ಲಿದ್ದ ಮನೆಯನ್ನೂ ಓಸ್ಲೋದಿಂದ ಬಿಚ್ಚಿ ತಂದು ಇಲ್ಲಿ ನಿಲ್ಲಿಸಿದ್ದಾರೆ. ಗಾರ್ಮೋ ಸ್ಟಾವ್ ಚರ್ಚು, ಅಂದರೆ ಮರದ ಕಂಬಗಳ ಮೇಲೆ ಕಟ್ಟಿದ ಹಳೆಯ ಚರ್ಚು, ಅದರ ಕತೆಯೂ ಅದೇ ಜಾತಿಯದು: 1880ರಲ್ಲಿ ಕೆಡವಿ ಮಾರಿದ್ದ ಮರದ ತುಂಡುಗಳನ್ನು ಸಾಂಡ್ವಿಗ್ ಹುಡುಕಿ ಸೇರಿಸಿದರು, ಚರ್ಚು 1921ರಲ್ಲಿ ಮತ್ತೆ ಎದ್ದು ನಿಂತಿತು.

ಜುಲೈ ಆದ್ದರಿಂದ ನೀವು ಅದೃಷ್ಟವಂತರು. ಬೇಸಿಗೆಯ ಋತುವಿನಲ್ಲಿ ಮನೆಗಳ ಬಾಗಿಲು ತೆರೆದಿರುತ್ತದೆ, ಹಳೆಯ ಕಾಲದ ಉಡುಪು ಹಾಕಿಕೊಂಡ ಸಿಬ್ಬಂದಿ ಒಳಗೆ ಕೆಲಸ ಮಾಡುತ್ತಿರುತ್ತಾರೆ. ಋತು ಮುಗಿದ ಮೇಲೆ ಬರುವವರು ಹೊರಗಿನಿಂದ ಗೋಡೆ ನೋಡಿಕೊಂಡು "ಅಷ್ಟೇನಾ?" ಅಂತ ವಾಪಸ್ ಹೋಗುತ್ತಾರೆ. ಕನಿಷ್ಠ ನಾಲ್ಕು ಗಂಟೆ ಇಟ್ಟುಕೊಳ್ಳಿ.

ಮಂಡಿನೋವಿನ ವಿಷಯ: ಒಳಗಿನ ದಾರಿಗಳು ಜಲ್ಲಿಯವು, ಅಲ್ಲಲ್ಲಿ ಏರಿಳಿತ. ಹಳೆಯ ದಿಮ್ಮಿ ಮನೆಗಳ ಹೊಸ್ತಿಲು ಎತ್ತರ, ಬಾಗಿಲು ಗಿಡ್ಡ. ಕಾಲೆತ್ತುತ್ತಲೇ ತಲೆ ಬಗ್ಗಿಸಬೇಕು, ಒಳಗೆ ಕತ್ತಲೆ ಬೇರೆ. ಬಡಾವಣೆಯ ಭಾಗ ಸುಲಭ. ಮುಖ್ಯ ಕಟ್ಟಡದ ಪ್ರದರ್ಶನಗಳೂ ಸುಲಭ. ಒಲಿಂಪಿಕ್ ಮ್ಯೂಸಿಯಂ ಕೂಡ 2016ರಿಂದ ಮೈಹೌಗೆನ್‌ನಲ್ಲೇ ಇದೆ. ಅಮ್ಮ ಅಲ್ಲಿರುವಾಗ ನೀವು ಮಗಳನ್ನು ಕರೆದುಕೊಂಡು ಹಳ್ಳಿಯ ಭಾಗ ಸುತ್ತಿ ಬನ್ನಿ. ನಿಲ್ದಾಣದಿಂದ ಮೈಹೌಗೆನ್‌ಗೆ ನಡೆದರೆ ಇಪ್ಪತ್ತು ನಿಮಿಷದ ಏರು. ಹೋಗುವಾಗ ಬಸ್ಸು ಅಥವಾ ಟ್ಯಾಕ್ಸಿ, ಬರುವಾಗ ಇಳಿಜಾರು ಅಂತ ನಡೆಯುವ ಯೋಚನೆ ಬಂದರೆ ಅಮ್ಮನನ್ನು ಕೇಳಿ: ಕೆಟ್ಟ ಮಂಡಿಗೆ ಏರಿಗಿಂತ ಇಳಿತವೇ ಹೆಚ್ಚು ನೋವು.

ಸ್ಕೀ ಜಂಪ್, ಅಂದರೆ ಲೀಸ್‌ಗೋರ್ಡ್ಸ್‌ಬಾಕೆನೆ, ಶನಿವಾರ ಸಂಜೆಗೆ ಇಟ್ಟುಕೊಳ್ಳಿ. 1994ರ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆ ನಡೆದದ್ದು ಇಲ್ಲೇ. ಜ್ಯೋತಿ ಹಿಡಿದ ಆಟಗಾರ ಸ್ಕೀ ಹಾಕಿಕೊಂಡು ಈ ಜಾರುಬಂಡೆಯಿಂದ ಹಾರಿ ಬಂದಿದ್ದ. ಪಕ್ಕದಲ್ಲಿ 936 ಮೆಟ್ಟಿಲು. ಬೇಸಿಗೆಯಲ್ಲಿ ಚೇರ್‌ಲಿಫ್ಟ್ ಇದೆ, ಆದರೆ ಅದು ಸಂಜೆ ತಡವಾಗಿ ಓಡುವುದಿಲ್ಲ, ವೇಳೆ ನೋಡಿಕೊಳ್ಳಿ. ಚಲಿಸುತ್ತಿರುವಾಗಲೇ ಕೂರಬೇಕು, ಇಳಿಯಬೇಕು. ಕಷ್ಟ ಅಂದರೆ ಮೊದಲೇ ಆಪರೇಟರ್‌ಗೆ ಹೇಳಿ, ನಿಧಾನ ಮಾಡುತ್ತಾರೆ. ಅದೂ ಬೇಡ ಅನಿಸಿದರೆ ಕೆಳಗಿನ ಮೈದಾನದಿಂದಲೇ ಜಾರುಬಂಡೆಯನ್ನು ತಲೆಯೆತ್ತಿ ನೋಡುವುದೂ ಸಣ್ಣ ಅನುಭವವೇನಲ್ಲ. ಟಿವಿಯಲ್ಲಿ ಅದರ ಕಡಿದು ಗೊತ್ತಾಗುವುದಿಲ್ಲ.

ಹುಂಡರ್‌ಫೋಸೆನ್ ಬಿಟ್ಟುಬಿಡಿ. ಊರಿಂದ ಉತ್ತರಕ್ಕೆ ಸುಮಾರು 15 ಕಿಲೋಮೀಟರ್, ಒಂದಿಡೀ ದಿನ ನುಂಗುತ್ತದೆ.

ಹಳಿಪಕ್ಕ

ರೈಲಿನ ಭಾಗ ನಾನು ಹೇಳುತ್ತೇನೆ.

ಓಸ್ಲೋ ವಿಮಾನ ನಿಲ್ದಾಣದ ಟರ್ಮಿನಲ್ಲಿಗೆ ಅಂಟಿಕೊಂಡೇ ರೈಲು ನಿಲ್ದಾಣ ಇದೆ. ಓಸ್ಲೋ ನಗರಕ್ಕೆ ಹೋಗುವ ಅಗತ್ಯ ಇಲ್ಲ. ಲಿಲ್ಲೆಹಾಮರ್ ಉತ್ತರಕ್ಕಿದೆ, ನಗರ ದಕ್ಷಿಣಕ್ಕೆ. ನಿಮಗೆ ಬೇಕಾದದ್ದು ವೀ ಕಂಪನಿಯ ಆರ್‌ಇ10 ರೈಲು. ಡ್ರಾಮನ್‌ನಿಂದ ಬಂದು ಓಸ್ಲೋ, ವಿಮಾನ ನಿಲ್ದಾಣ, ಹಾಮಾರ್ ಮೂಲಕ ಲಿಲ್ಲೆಹಾಮರ್‌ವರೆಗೆ ಹೋಗುತ್ತದೆ. ಹೆಚ್ಚುಕಡಿಮೆ ಗಂಟೆಗೊಂದು, ಪ್ರಯಾಣ ಒಂದೂಮುಕ್ಕಾಲು ಗಂಟೆಯ ಆಸುಪಾಸು. ಎರಡು ಕಡೆ ಜನ ಎಡವುತ್ತಾರೆ. ಒಂದು, ಫ್ಲೀಟೋಗೆ ಎಂಬ ವಿಮಾನ ನಿಲ್ದಾಣದ ಎಕ್ಸ್‌ಪ್ರೆಸ್‌ನ ಟಿಕೆಟ್ ಯಂತ್ರ ಮೊದಲು ಕಣ್ಣಿಗೆ ಬೀಳುತ್ತದೆ. ಆ ರೈಲು ಲಿಲ್ಲೆಹಾಮರ್‌ಗೆ ಹೋಗುವುದೇ ಇಲ್ಲ. ಎರಡು, ಉತ್ತರದ ಕಡೆಗೆ ಹೋಗುವ ಎಲ್ಲ ರೈಲೂ ನಿಮ್ಮದಲ್ಲ, ಕೆಲವು ಐಡ್ಸ್‌ವೋಲ್‌ನಲ್ಲೇ ನಿಂತುಬಿಡುತ್ತವೆ. ಬೋರ್ಡಿನ ಮೇಲೆ ಕೊನೆಯ ನಿಲ್ದಾಣದ ಹೆಸರು ಓದಿಯೇ ಹತ್ತಿ.

ಟಿಕೆಟ್ ಈಗಲೇ ತೆಗೆಯಬೇಕಾ? ಆರ್‌ಇ10ಕ್ಕೆ ಸೀಟು ಕಾಯ್ದಿರಿಸಲೇಬೇಕು ಅಂತ ಇಲ್ಲ, ವಿಮಾನ ಇಳಿದ ಮೇಲೆ ಫೋನಿನ ಆ್ಯಪ್‌ನಲ್ಲಿ ತೆಗೆದರೂ ಸಾಕು. ಇದೇ ಹಳಿಯಲ್ಲಿ ಓಸ್ಲೋ–ಟ್ರಾಂಡ್‌ಹೈಮ್ ದೂರದ ರೈಲೂ ಓಡುತ್ತದೆ, ಅದೂ ಲಿಲ್ಲೆಹಾಮರ್‌ನಲ್ಲಿ ನಿಲ್ಲುತ್ತದೆ. ಮುಂಗಡವಾಗಿ ಅದರ ಟಿಕೆಟ್ ಅಗ್ಗಕ್ಕೆ ಕಾಣಬಹುದು. ಆದರೆ ಆ ಅಗ್ಗದ ಟಿಕೆಟ್ ಆ ಒಂದೇ ರೈಲಿಗೆ ಕಟ್ಟಿಹಾಕಿದ್ದು. ವಿಮಾನ ತಡವಾಗಿ ರೈಲು ತಪ್ಪಿದರೆ ದುಡ್ಡು ಹೋದ ಹಾಗೆ. ಬರುವ ದಿನ ಅದರ ಆಸೆ ಬೇಡ.

ರಿಯಾಯಿತಿ: 67 ತುಂಬಿದವರಿಗೆ ಅರ್ಧ ದರ, ಯಾವ ದೇಶದವರಾದರೂ ಸರಿ, ಪಾಸ್‌ಪೋರ್ಟ್ ಜೊತೆಗಿರಲಿ. ಅಪ್ಪನಿಗೆ ಸಿಗುತ್ತದೆ, ಅಮ್ಮನಿಗೆ ಪೂರ್ತಿ ಟಿಕೆಟ್. ಮಗಳಿಗೆ ಮಕ್ಕಳ ಅರ್ಧ ಟಿಕೆಟ್. ಆ್ಯಪ್‌ನಲ್ಲಿ ಪ್ರಯಾಣಿಕರ ಬಗೆ ಆರಿಸುವಾಗ "ಹೊನ್ನೋರ್" ಅಂತ ಬರುವುದೇ ಹಿರಿಯರದು.

ಈಗ ನಿಜವಾದ ಅಪಾಯ. ಜುಲೈ ಅಂದರೆ ಇಡೀ ನಾರ್ವೆ ರಜೆ ಹಾಕುವ ತಿಂಗಳು. ಕಚೇರಿಗೆ ಹೋಗುವವರು ಕಡಿಮೆ ಅಂತ ಹಳಿ ದುರಸ್ತಿ ಮಾಡುವವರೂ ಇದೇ ಸಮಯ ನೋಡಿ ಕೆಲವು ಭಾಗಗಳನ್ನು ಮುಚ್ಚುತ್ತಾರೆ. ಆಗ ವೇಳಾಪಟ್ಟಿಯಲ್ಲಿ "ಬುಸ್ ಫೋರ್ ತೋಗ್" ಅಂತ ಕಾಣುತ್ತದೆ: ರೈಲಿನ ಬದಲು ಬಸ್ಸು, ಅದೇ ಟಿಕೆಟ್ ನಡೆಯುತ್ತದೆ. ರದ್ದಾಯಿತು ಅಂತ ಗಾಬರಿ ಬೇಡ, ಆದರೆ ಪ್ರಯಾಣ ಉದ್ದವಾಗುತ್ತದೆ, ನಡುವೆ ಹಾಮಾರ್‌ನಲ್ಲೋ ಇನ್ನೆಲ್ಲೋ ಬಸ್ಸಿಂದ ರೈಲಿಗೆ ಸಾಮಾನು ಸಮೇತ ಬದಲಾಗಬೇಕಾಗಬಹುದು. ಎನ್‌ಟೂರ್ ಆ್ಯಪ್‌ನಲ್ಲಿ ನಿಮ್ಮ ದಿನಾಂಕ ಹಾಕಿ ನೋಡಿ. ಎಲ್ಲ ಕಂಪನಿಗಳ ರೈಲು, ಬಸ್ಸು ಒಂದೇ ಕಡೆ ಬರುತ್ತವೆ. ಹೊರಡುವ ವಾರ ಇನ್ನೊಮ್ಮೆ ನೋಡಿ. ಭಾನುವಾರ ಸಂಜೆ ಓಸ್ಲೋದಲ್ಲಿ ಬೇರೆ ಏನಾದರೂ ಬುಕ್ ಮಾಡಿದ್ದರೆ ಎರಡು ಗಂಟೆ ಹೆಚ್ಚುವರಿ ಇಟ್ಟುಕೊಳ್ಳಿ.

ಕೂರುವುದು ಎಡಗಡೆ. ಐಡ್ಸ್‌ವೋಲ್ ದಾಟಿದ ಮೇಲೆ ಹಳಿ ಮ್ಯೋಸಾದ ಪೂರ್ವ ದಂಡೆ ಹಿಡಿಯುತ್ತದೆ, ಉತ್ತರಕ್ಕೆ ಹೋಗುವಾಗ ನೀರು ಎಡಕ್ಕೆ. ವಾಪಸ್ ಬರುವಾಗ ಬಲಕ್ಕೆ.

ಉಪ್ಪುಖಾರ

ಊಟದ್ದು ಹೇಳಿಬಿಡುತ್ತೇನೆ. ಹೋಟೆಲ್ ರೂಮಿಗಿಂತ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ. ರೆಸ್ಟೋರೆಂಟಿನಲ್ಲಿ ಒಂದು ಮುಖ್ಯ ತಿನಿಸಿಗೆ 200ರಿಂದ 350 ಕ್ರೋನರ್ ಸಾಮಾನ್ಯ, ಐದು ಜನಕ್ಕೆ ದಿನಕ್ಕೆ ಎರಡು ಸಲ ಅಂದರೆ ನೀವೇ ಲೆಕ್ಕ ಹಾಕಿ. ಸಸ್ಯಾಹಾರ ಸಿಗುತ್ತದೆ, ಮೊಟ್ಟೆಯೂ ಇಲ್ಲದ್ದು ಅಂದಾಗ ಆಯ್ಕೆ ಸಣ್ಣದಾಗುತ್ತದೆ. ಮೆನುವಿನಲ್ಲಿ "ವೆಗನ್ಸ್ಕ್" ಅಂತಿರುವುದನ್ನು ಕೇಳಿದರೆ ವಾದವೇ ಇಲ್ಲ.

ಸೂಪರ್ ಮಾರ್ಕೆಟ್‌ನಲ್ಲಿ (ಕಿವಿ, ರೇಮಾ 1000, ಕೋಪ್) ಪೊಟ್ಟಣದ ಹಿಂಬದಿ ಓದಲು ನಾರ್ವೇಜಿಯನ್ ಬರಬೇಕಿಲ್ಲ. ಅಲರ್ಜಿಕಾರಕಗಳನ್ನು ಪದಾರ್ಥಗಳ ಪಟ್ಟಿಯಲ್ಲಿ ಎದ್ದು ಕಾಣುವಂತೆ, ಸಾಮಾನ್ಯವಾಗಿ ದಪ್ಪಕ್ಷರದಲ್ಲಿ, ಅಚ್ಚು ಹಾಕಲೇಬೇಕು ಅಂತ ನಿಯಮ. ಮೊಟ್ಟೆಗೆ ಅಲ್ಲೂ "ಎಗ್" ಅನ್ನುವುದೇ ಪದ, ಮೀನಿಗೆ "ಫಿಸ್ಕ್". ದಪ್ಪಕ್ಷರದಲ್ಲಿ ಇವೆರಡೂ ಇಲ್ಲದಿದ್ದರೆ ಅರ್ಧ ಕೆಲಸ ಆಯಿತು. ಉಳಿದರ್ಧದಲ್ಲೇ ಮೋಸ ಹೋಗುವುದು: ಮಾಂಸ, ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಜೆಲಾಟಿನ್, ಚೀಸ್ ಮಾಡಲು ಹಾಲು ಗಟ್ಟಿಯಾಗಿಸುವ ರೆನೆಟ್ ಇವು ಅಲರ್ಜಿಪಟ್ಟಿಯಲ್ಲಿಲ್ಲ, ಹಾಗಾಗಿ ದಪ್ಪಕ್ಷರದಲ್ಲಿ ಬರುವುದಿಲ್ಲ. ಅಂಟಂಟಾದ ಮಕ್ಕಳ ಮಿಠಾಯಿ, ಕೆಲವು ಮೃದುವಾದ ಸಿಹಿಗಳಲ್ಲಿ ಜೆಲಾಟಿನ್ ಇರುತ್ತದೆ. ರೆನೆಟ್‌ಗೆ ಅಲ್ಲಿನ ಪದ "ಲೋಪೆ". ಅದು ಕರುವಿನದೋ ಸೂಕ್ಷ್ಮಜೀವಿಯದೋ ಅಂತ ಪೊಟ್ಟಣ ಎಲ್ಲ ಸಲ ಹೇಳುವುದಿಲ್ಲ. ಅಪ್ಪ ಅಮ್ಮ ಆ ವಿಷಯದಲ್ಲಿ ಕಟ್ಟುನಿಟ್ಟಾದರೆ ಚೀಸ್ ಬಿಟ್ಟು ಬೆಣ್ಣೆ, ಮೊಸರಿಗೆ ನಿಂತುಬಿಡಿ.

ಬ್ರೆಡ್ ವಿಭಾಗದಲ್ಲಿ "ಲೊಂಪೆ" ಅಂತ ಆಲೂಗಡ್ಡೆ ಹಿಟ್ಟಿನ ಮೆತ್ತನೆಯ ತೆಳು ರೊಟ್ಟಿ ಸಿಗುತ್ತದೆ. ಸಾಸೇಜ್ ಸುತ್ತಲು ಮಾಡಿದ್ದಾದರೂ ಅದರಲ್ಲಿ ಸಾಮಾನ್ಯವಾಗಿ ಆಲೂಗಡ್ಡೆ, ಹಿಟ್ಟು, ಉಪ್ಪು ಅಷ್ಟೇ. ಬಾಣಲೆಯಲ್ಲಿ ಬಿಸಿ ಮಾಡಿ ಪಲ್ಯ ಸುತ್ತಿದರೆ ಮೈಹೌಗೆನ್ ಬುತ್ತಿ ರೆಡಿ. ಎಲ್ಲ ಕೆಫೆಯಲ್ಲೂ ಕಾಣುವ ವಾಫಲ್‌ನಲ್ಲಿ ಮೊಟ್ಟೆ ಇದ್ದೇ ಇರುತ್ತದೆ, ಮಗಳಿಗೆ ಮೊದಲೇ ಹೇಳಿಡಿ.

ಭಾನುವಾರ ದೊಡ್ಡ ಸೂಪರ್ ಮಾರ್ಕೆಟ್ಟುಗಳು ಮುಚ್ಚಿರುತ್ತವೆ, ಶನಿವಾರವೂ ಬೇಗ ಬಾಗಿಲು ಹಾಕುತ್ತವೆ. ಭಾನುವಾರ ತೆರೆಯುವುದು ಪುಟ್ಟ ಅಂಗಡಿ, ಪೆಟ್ರೋಲ್ ಬಂಕಿನ ಕಿಯಾಸ್ಕ್. ಬೆಲೆ ಜಾಸ್ತಿ, ತರಕಾರಿ ಕಡಿಮೆ. ಶುಕ್ರವಾರ ಸಂಜೆಯೇ ಭಾನುವಾರದವರೆಗಿನದು ತಂದಿಡಿ. ನೀರು ಕೊಳ್ಳಬೇಡಿ, ನಲ್ಲಿಯದೇ ಒಳ್ಳೆಯದು. ಜ್ಯೂಸ್, ಸೋಡಾ ಬಾಟಲಿಗಳ ಮೇಲೆ 2 ಅಥವಾ 3 ಕ್ರೋನರ್ ಠೇವಣಿ ಸೇರಿಸಿರುತ್ತಾರೆ. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಕೌಂಟರ್‌ನಲ್ಲಿ ಕೊಟ್ಟರೆ ವಾಪಸ್. ಮಗಳಿಗೆ ಈ ಕೆಲಸ ವಹಿಸಿ. ನಗದು ಹೆಚ್ಚು ಬೇಡ, ಎಲ್ಲ ಕಡೆ ಕಾರ್ಡ್. ವಿಪ್ಸ್ ಅಂತ ಬೋರ್ಡು ಕಂಡರೆ ಅದು ಫೋನಿನಲ್ಲಿ ಹಣ ಕೊಡುವ ಆ್ಯಪ್, ಸ್ಥಳೀಯ ಬ್ಯಾಂಕ್ ಖಾತೆ ಇರುವವರಿಗೆ.

ಸಾಮಾನು ಕಟ್ಟುವಾಗ: ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ ನಾರ್ವೆಗೆ ಒಯ್ಯುವಂತಿಲ್ಲ. ತುಪ್ಪವೂ ಹಾಲಿನದೇ.

ಬೆಳಗಿನಬಸ್ಸು

ತುಂಬಾ ಉಪಕಾರ. ಬುಸ್ ಫೋರ್ ತೋಗ್ ವಿಷಯ ಗೊತ್ತೇ ಇರಲಿಲ್ಲ. ಎರಡು ಸಂದೇಹ ಉಳಿದಿದೆ. ಶೀಬ್ಲಾಡ್ನರ್ ಬಗ್ಗೆ ಯಾರೂ ಹೇಳಲಿಲ್ಲ. ಮತ್ತೆ ಏರುದಾರಿ ಹೇಳಿದ್ದು ನೋಡಿದರೆ, ಅಮ್ಮ ನೀರಿನ ಪಕ್ಕ ನಡೆಯುವುದಕ್ಕೆ ಜಾಗವೇ ಇಲ್ಲವಾ? ಅವರಿಗೆ ಅದೊಂದೇ ಆಸೆ.

ಮ್ಯೋಸಾತೀರ

ಎರಡಕ್ಕೂ ಉತ್ತರ ಒಂದೇ ಕಡೆ ಇದೆ: ಹಾಮಾರ್.

ಮೊದಲು ಹಡಗು. ಶೀಬ್ಲಾಡ್ನರ್ 1856ರಲ್ಲಿ ನೀರಿಗಿಳಿದದ್ದು. ವೇಳಾಪಟ್ಟಿ ಪ್ರಕಾರ ಓಡುತ್ತಿರುವ ಪ್ಯಾಡಲ್ ಸ್ಟೀಮರ್‌ಗಳಲ್ಲಿ (ಚಕ್ರ ತಿರುಗಿಸಿಕೊಂಡು ಸಾಗುವ ಉಗಿಹಡಗುಗಳಲ್ಲಿ) ಜಗತ್ತಿನಲ್ಲೇ ಹಳೆಯದು. ಈಗಿರುವ ಉಗಿಯಂತ್ರ 1888ರದು. ಪಕ್ಕದ ಚಕ್ರಗಳು ನೀರನ್ನು ತಟ್ಟುವ ಸದ್ದು ಡೆಕ್ಕಿನ ಮೇಲೆ ಕೇಳುತ್ತದೆ, ಯಂತ್ರದ ಉಕ್ಕಿನ ತೋಳುಗಳು ಎದ್ದು ಬಿದ್ದು ತಿರುಗುವುದನ್ನು ಮೇಲಿನಿಂದ ಬಗ್ಗಿ ನೋಡಬಹುದು. 9 ವರ್ಷದ ಮಗುವಿಗೆ ಪಾರ್ಕಿಗಿಂತ ಇದೇ ಹೆಚ್ಚು ನೆನಪಿರುತ್ತದೆ ಅಂತ ನನ್ನ ಅಭಿಪ್ರಾಯ. ಊಟಕ್ಕೆ ಮಾತ್ರ ನೆಚ್ಚಬೇಡಿ, ಹಡಗಿನ ಪ್ರಸಿದ್ಧ ಊಟ ಬೇಯಿಸಿದ ಸಾಲ್ಮನ್ ಮೀನು. ಅದರ ಕೊನೆಗೆ ಕೊಡುವ ಸ್ಟ್ರಾಬೆರಿ ನಿಮ್ಮ ಪಾಲಿಗೆ.

ಇಲ್ಲಿ ಎಚ್ಚರ ಬೇಕಾದದ್ದು ವೇಳಾಪಟ್ಟಿಯಲ್ಲಿ. ಸರೋವರ 117 ಕಿಲೋಮೀಟರ್ ಉದ್ದ, ಹಡಗು ಒಂದೇ. ಹಾಗಾಗಿ ಒಂದು ದಿನ ಉತ್ತರಕ್ಕೆ ಲಿಲ್ಲೆಹಾಮರ್ ಕಡೆ, ಇನ್ನೊಂದು ದಿನ ದಕ್ಷಿಣಕ್ಕೆ ಐಡ್ಸ್‌ವೋಲ್ ಕಡೆ, ಹೀಗೆ ವಾರದ ದಿನದ ಪ್ರಕಾರ ದಾರಿ ಬದಲಾಗುತ್ತದೆ. ಯಾವ ದಿನ ಎಲ್ಲಿ ಅನ್ನುವುದು ವರ್ಷದಿಂದ ವರ್ಷಕ್ಕೂ ಬದಲಾಗುತ್ತದೆ, ಓಡುವುದೂ ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಮಾತ್ರ. ಆದ್ದರಿಂದ ಮೊದಲು ಹಡಗಿನ ಪಟ್ಟಿ ನೋಡಿ, ಆಮೇಲೆ ಉಳಿದ ಯೋಜನೆ ಹಾಕಿ.

ಹಡಗು ನಿಧಾನ. ಹೋಗಿ ಅದರಲ್ಲೇ ವಾಪಸ್ ಅಂದರೆ ದಿನ ಮುಗಿಯಿತು. ಒಂದು ಕಡೆ ಹಡಗು, ಇನ್ನೊಂದು ಕಡೆ ರೈಲು ಮಾಡಿ. ಲಿಲ್ಲೆಹಾಮರ್–ಹಾಮಾರ್ ರೈಲಿಗೆ ಒಂದು ಗಂಟೆಯೂ ಬೇಡ. ಇಲ್ಲಿ ಒಂದು ಬಲೆ ಇದೆ: ಹಡಗಿನ ತವರು ಬಂದರು ಯೋವಿಕ್. ಅದು ಸರೋವರದ ಪಶ್ಚಿಮ ದಂಡೆ. ಅಲ್ಲೂ ರೈಲು ನಿಲ್ದಾಣ ಇದೆ, ಆದರೆ ಆ ಹಳಿ ಬೇರೆ, ನೇರ ಓಸ್ಲೋಗೆ ಹೋಗುತ್ತದೆ. ಲಿಲ್ಲೆಹಾಮರ್‌ಗೆ ಅಲ್ಲಿಂದ ರೈಲಿಲ್ಲ, ಬಸ್ಸೇ ಗತಿ. ರೂಮಿನಲ್ಲಿ ಸಾಮಾನು ಬಿಟ್ಟು ಬಂದವರು ಯೋವಿಕ್‌ನಲ್ಲಿ ಇಳಿಯಬಾರದು, ಹಾಮಾರ್‌ನಲ್ಲೇ ಇಳಿಯಬೇಕು.

ಇನ್ನು ನೀರಿನ ಪಕ್ಕದ ನಡಿಗೆ. ಲಿಲ್ಲೆಹಾಮರ್‌ನಲ್ಲಿ ಹಳೆಯ ವಿಂಗ್ನೆಸ್ ಸೇತುವೆ ಪಾದಚಾರಿಗಳಿಗೂ ಸೈಕಲ್ಲಿನವರಿಗೂ ಬಿಟ್ಟದ್ದು. ಅದರ ಮೇಲೆ ಆಚೆ ದಡಕ್ಕೆ ಹೋದರೆ ಈಜುವ ಜಾಗ, ಹುಲ್ಲುಹಾಸು ಇದೆ, ಅಲ್ಲಿಂದ ತಿರುಗಿ ನೋಡಿದರೆ ಊರು ಗುಡ್ಡದ ಮೇಲೆ ಪೂರ್ತಿ ಕಾಣುತ್ತದೆ. ಸೇತುವೆ ಸಮತಟ್ಟು, ಆದರೆ ಪೇಟೆಯಿಂದ ಸೇತುವೆಗೆ ಇಳಿದದ್ದನ್ನೆಲ್ಲ ಮತ್ತೆ ಹತ್ತಬೇಕು. ಅಮ್ಮನಿಗೆ ಟ್ಯಾಕ್ಸಿ ಮಾಡಿ. ನೀರಿಗಿಳಿಯುವ ಮಗಳಿಗೆ ಒಂದು ಮಾತು: ಲೋಗೆನ್ ತರುವುದು ಎತ್ತರದ ಬೆಟ್ಟಗಳ ಹಿಮ ಕರಗಿದ ನೀರು. ಈ ತುದಿಯಲ್ಲಿ ಜುಲೈಯಲ್ಲೂ ತಣ್ಣಗೆ ಕೊರೆಯುತ್ತದೆ, ದಂಡೆಯಿಂದ ಸ್ವಲ್ಪ ಹೋದರೆ ಆಳ. ಸರೋವರದ ಅತಿ ಆಳದ ಜಾಗ ಸುಮಾರು 450 ಮೀಟರ್.

ಹಾಮಾರ್‌ನಲ್ಲಿ ಈ ಕಷ್ಟಗಳಿಲ್ಲ. ಊರು ನಿಜಕ್ಕೂ ದಂಡೆಯ ಮೇಲಿದೆ, ನಿಲ್ದಾಣದಿಂದ ನೀರಿಗೆ ಕೆಲವೇ ನಿಮಿಷ. ದಂಡೆ ಹಿಡಿದು ವಾಯುವ್ಯಕ್ಕೆ ಸುಮಾರು ಎರಡು ಕಿಲೋಮೀಟರ್ ಸಮತಟ್ಟಾದ ದಾರಿಯಲ್ಲಿ ಹೋದರೆ ಡೋಮ್‌ಶಿರ್ಕೆಓಡೆನ್. ಮಧ್ಯಯುಗದ ಕ್ಯಾಥೆಡ್ರಲ್ ಒಂದು ಅಲ್ಲಿ ಪಾಳುಬಿದ್ದಿದೆ; 1567ರಲ್ಲಿ ಸ್ವೀಡನ್ ಸೈನ್ಯ ನಾಶಮಾಡಿದ್ದು. ಸುಣ್ಣದಕಲ್ಲಿನ ಕಮಾನುಗಳು ಮಳೆಗೂ ಹಿಮಕ್ಕೂ ಪುಡಿಯಾಗುತ್ತಿದ್ದವು ಅಂತ 1998ರಲ್ಲಿ ಇಡೀ ಅವಶೇಷದ ಮೇಲೆ ಗಾಜಿನ ದೊಡ್ಡ ಹೊದಿಕೆ ಕಟ್ಟಿದರು. ಮಳೆ ಬಂದರೂ ಒಳಗೆ ಆರಾಮ. ಅಲ್ಲಿಂದ ಮುಂದೆಯೇ ರೈಲ್ವೆ ಮ್ಯೂಸಿಯಂ, ಅದೂ ದಂಡೆಯಲ್ಲೇ.

ಏರುದಾರಿ

ಮ್ಯೋಸಾತೀರ ಹೇಳಿದ್ದು ಒಪ್ಪಿದೆ. ಹಾಮಾರ್ ಸೇರಿಸಿದರೆ ಮೈಹೌಗೆನ್‌ಗೆ ಶನಿವಾರ ಇಡೀ ದಿನ ಕೊಡಿ, ಅರ್ಧಕ್ಕೆ ಇಳಿಸಬೇಡಿ.

ಕೊಡೆಮರೆ

ಹುಂಡರ್‌ಫೋಸೆನ್ ಬಗ್ಗೆ ಏರುದಾರಿಯವರ ಮಾತು ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಮಗು ಜೊತೆಗಿದ್ದರೆ, ಹಳೆಯ ಮನೆಗಳು ಎರಡು ಗಂಟೆಯಲ್ಲಿ ಬೇಜಾರಾಗುತ್ತವೆ. ಗುಂಪು ಒಡೆಯಿರಿ: ಶನಿವಾರ ಒಬ್ಬರು ಮಗಳನ್ನು ಬಸ್ಸಿನಲ್ಲಿ ಪಾರ್ಕಿಗೆ ಕರೆದುಕೊಂಡು ಹೋಗಲಿ, ಉಳಿದವರು ಮೈಹೌಗೆನ್. ಆದರೆ ಅದೇ ಕಡೆ ಇರುವ ಒಲಿಂಪಿಕ್ ಬಾಬ್‌ಸ್ಲೇ (ಮಂಜುಗಡ್ಡೆಯ ಕಾಲುವೆಯಲ್ಲಿ ಜಾರುವ ಗಾಡಿ) ಟ್ರ್ಯಾಕ್ ಆಸೆ ಮಗುವಿಗೆ ತೋರಿಸಬೇಡಿ. ಬೇಸಿಗೆಯಲ್ಲಿ ಗಾಲಿ ಹಾಕಿದ ಬಾಬ್ ಓಡಿಸುತ್ತಾರೆ, ಅದಕ್ಕೆ ವಯಸ್ಸು, ಎತ್ತರದ ಮಿತಿ ಇದೆ. ಟಿಕೆಟ್ ತೆಗೆಯುವ ಮೊದಲು ಓದಿ.

ಬಟ್ಟೆ ಬಗ್ಗೆ ಯಾರೂ ಹೇಳಿಲ್ಲ. ಜುಲೈ ಮಧ್ಯಾಹ್ನ 20 ಡಿಗ್ರಿ ದಾಟುತ್ತದೆ, ರಾತ್ರಿ 10ರ ಹತ್ತಿರ ಬರುತ್ತದೆ. ಈ ಭಾಗದಲ್ಲಿ ಹೆಚ್ಚು ಮಳೆ ಬೀಳುವ ತಿಂಗಳುಗಳಲ್ಲಿ ಜುಲೈಯೂ ಒಂದು. ಟೋಪಿ ಇರುವ ಮಳೆ ಜಾಕೆಟ್, ತೆಳುವಾದ ಒಂದು ಸ್ವೆಟರ್, ಒದ್ದೆ ಜಲ್ಲಿಯಲ್ಲಿ ಜಾರದ ಶೂ. ಹಡಗಿನ ಡೆಕ್ಕಿನ ಗಾಳಿಗೆ ಸ್ವೆಟರ್ ಬೇಕೇ ಬೇಕು. ರಾತ್ರಿ ಹತ್ತಾದರೂ ಬೆಳಕು, ಪೂರ್ತಿ ಕತ್ತಲೆ ಆಗುವುದೇ ಇಲ್ಲ. ವಸತಿಗೆ ದಪ್ಪ ಪರದೆ ಇದೆಯಾ ಕೇಳಿ, ಇಲ್ಲವಾದರೆ ಕಣ್ಣುಪಟ್ಟಿ ಒಯ್ಯಿರಿ.

ಅಪಾರ್ಟ್‌ಮೆಂಟ್ ಅಥವಾ ಹಾಸ್ಟೆಲ್ ಹಿಡಿದರೆ ಇನ್ನೊಂದು: ಬೆಡ್‌ಶೀಟ್, ಟವೆಲ್, ಕೊನೆಯ ದಿನದ ಶುಚಿ ಇವುಗಳಿಗೆ ಹಲವು ಕಡೆ ಪ್ರತ್ಯೇಕ ಹಣ. ಬುಕ್ ಮಾಡುವಾಗ ತೋರಿಸುವ ದರದಲ್ಲಿ ಸೇರಿದೆಯೋ ಇಲ್ಲವೋ ನೋಡಿ. ಟ್ಯಾಕ್ಸಿಗೆ ದೇಶಕ್ಕೆಲ್ಲ ಒಂದೇ ದರ ಇಲ್ಲ, ಕಂಪನಿಯಿಂದ ಕಂಪನಿಗೆ ಬೇರೆ. ಐದು ಜನಕ್ಕೆ ದೊಡ್ಡ ಗಾಡಿ ಬೇಕು ಅಂತ ಮೊದಲೇ ಹೇಳಿ, ದರ ಕೇಳಿಕೊಂಡೇ ಹತ್ತಿ.

ಬೆಳಗಿನಬಸ್ಸು

ಹೀಗೆ ಮಾಡಿದರೆ? ಶುಕ್ರವಾರ: ರೈಲು, ಅಂಗಡಿ, ಸ್ಟೂರ್‌ಗಾಟಾ. ಶನಿವಾರ: ಎಲ್ಲರೂ ಮೈಹೌಗೆನ್, ಅಮ್ಮನಿಗೆ ಸಾಕಾದರೆ ರೂಮಿಗೆ, ನಾವು ಸ್ಕೀ ಜಂಪ್. ಪಾರ್ಕ್ ಇಲ್ಲ. ಭಾನುವಾರ: ಹಡಗು ಆ ದಿನ ಇದ್ದರೆ ಹಡಗಿನಲ್ಲಿ, ಇಲ್ಲದಿದ್ದರೆ ರೈಲಿನಲ್ಲಿ ಹಾಮಾರ್, ದಂಡೆಯ ನಡಿಗೆ, ಸಂಜೆ ರೈಲಿಗೆ ಓಸ್ಲೋ. ಸಾಮಾನು ಜೊತೆಗೇ ಇರುತ್ತೆ.

ಹಳಿಪಕ್ಕ

ಸರಿಯಾಗಿದೆ. ಎರಡು ತಿದ್ದುಪಡಿ.

ಹಾಮಾರ್‌ನಲ್ಲಿ ಗಂಟೆಗಟ್ಟಲೆ ನಿಲ್ಲುವುದಾದರೆ ಲಿಲ್ಲೆಹಾಮರ್–ಓಸ್ಲೋ ಒಂದೇ ಟಿಕೆಟ್ ತೆಗೆಯಬೇಡಿ. ಲಿಲ್ಲೆಹಾಮರ್–ಹಾಮಾರ್ ಒಂದು, ಹಾಮಾರ್–ಓಸ್ಲೋ ಇನ್ನೊಂದು. ಎರಡನೆಯದನ್ನು ನಡಿಗೆ ಮುಗಿಸಿ ನಿಲ್ದಾಣಕ್ಕೆ ಬಂದ ಮೇಲೆ ತೆಗೆಯಿರಿ. ಹಡಗಿಗೆ ಟಿಕೆಟ್ ಬೇರೆಯೇ, ಭಾನುವಾರ ಜನ ಜಾಸ್ತಿ, ಅದನ್ನು ಮಾತ್ರ ಮುಂಗಡ ಮಾಡಿ.

ಸಾಮಾನು ಎಳೆದುಕೊಂಡು ಎರಡು ಕಿಲೋಮೀಟರ್ ದಂಡೆ ನಡೆಯುವುದು ಬೇಡ. ನಿಲ್ದಾಣದಲ್ಲಿ ಲಾಕರ್ ಖಾಲಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಸಾಮಾನು ಸಮೇತ ಟ್ಯಾಕ್ಸಿಯಲ್ಲಿ ಡೋಮ್‌ಶಿರ್ಕೆಓಡೆನ್‌ಗೆ ಹೋಗಿ, ಅಲ್ಲಿನ ಕೌಂಟರ್‌ನಲ್ಲಿ ಬ್ಯಾಗು ಇಡಬಹುದಾ ಕೇಳಿ, ಅಲ್ಲೇ ನೀರಿನ ಪಕ್ಕ ಓಡಾಡಿ, ವಾಪಸ್ಸೂ ಟ್ಯಾಕ್ಸಿ. ಭಾನುವಾರ ಸಂಜೆ ಓಸ್ಲೋ ಕಡೆ ರೈಲು ತುಂಬಿರುತ್ತದೆ, ರಜೆ ಮುಗಿಸಿ ವಾಪಸ್ ಹೋಗುವವರು. ಹಾಮಾರ್‌ನಲ್ಲಿ ಹತ್ತುವವರಿಗೆ ಐದು ಸೀಟು ಒಟ್ಟಿಗೆ ಸಿಗುವುದು ಕಷ್ಟ; ಅಪ್ಪ ಅಮ್ಮನನ್ನು ಮೊದಲು ಹತ್ತಿಸಿ, ಬ್ಯಾಗು ಆಮೇಲೆ. ಆಗುವುದಾದರೆ ನಾಲ್ಕು ಗಂಟೆಗೆ ಮುಂಚಿನ ರೈಲು ಹಿಡಿಯಿರಿ.